ನೇರ ಯಾವುದು, ಕೊಂಕಣ ಯಾವುದು

ಕೆಂಪು ದೀಪ ಹತ್ತಿಕೊಂಡರೆ ಜನ ಎದ್ದೆವೋ ಬಿದ್ದೆವೋ ಅಂತ ಓಡಿ ಬರುತ್ತಾರೆ. ಹಳದಿ ದೀಪಕ್ಕೆ ಯಾರೂ ಕ್ಯಾರೇ ಅನ್ನುವುದಿಲ್ಲ. ನನಗೆ ಮೈ ಉರಿಯುವುದೇ ಅದಕ್ಕೆ. ಆ ದಿನ ಬೆಳಿಗ್ಗೆ ಕಂಟ್ರೋಲ್ ರೂಮಿನ ಮೂಲೆಯ ಕಪಾಟಿನೊಳಗೆ ಹಳದಿ ದೀಪ ಉರಿಯುತ್ತಿತ್ತು. ಎಷ್ಟು ಹೊತ್ತಿನಿಂದ ಉರಿಯುತ್ತಿತ್ತೋ ದೇವರೇ ಬಲ್ಲ. ಕಪಾಟಿನ ಗಾಜಿನ ಬಾಗಿಲಿಗೆ ಯಾರೋ ಪುಣ್ಯಾತ್ಮರು ಒದ್ದೆ ಕೊಡೆ ನೇತುಹಾಕಿದ್ದರು.

ನಮ್ಮದು ಊರಿಗೆ ಕುಡಿಯುವ ನೀರು ಕೊಡುವ ಕೇಂದ್ರ. ಅಲ್ಲಿ ಮುಖ್ಯವಾದ ಜಾಗಗಳು ನಾಲ್ಕು: ಕಂಟ್ರೋಲ್ ರೂಮು, ಅದರಾಚೆ ಫಿಲ್ಟರ್ ಹೌಸು, ಇನ್ನೂ ಆಚೆ ಹೊಳೆಯ ದಂಡೆಯಲ್ಲಿ ನೀರನ್ನು ಕಾಲುವೆಗೆ ಬಿಡುವ ಗೇಟ್ ಹೌಸು, ಮತ್ತೆ ಗುಡ್ಡದ ಮೇಲಿನ ದೊಡ್ಡ ಟ್ಯಾಂಕು. ಈ ನಾಲ್ಕನ್ನೂ ಮುಟ್ಟಿಕೊಂಡು ಫೈಬರ್ ಕೇಬಲ್ ಸುತ್ತು ಹೊಡೆದು ಹೊರಟಲ್ಲಿಗೇ ವಾಪಸು ಬರುತ್ತದೆ. ಅದಕ್ಕೇ ಅದರ ಹೆಸರು ರಿಂಗು. ಒಳಗಿರುವುದು ಕೂದಲೆಳೆಯಷ್ಟು ಗಾಜು, ಅದರೊಳಗೆ ಓಡುವುದು ಬೆಳಕು. ಒಂದು ಕಡೆ ಕೇಬಲ್ ತುಂಡಾದರೆ ಸುದ್ದಿ ಇನ್ನೊಂದು ಕಡೆಯಿಂದ ಸುತ್ತಿಕೊಂಡು ಬಂದುಬಿಡುತ್ತದೆ, ಕಣ್ಣು ಮಿಟುಕಿಸುವುದರೊಳಗೆ. ಪಂಪು ನಿಲ್ಲುವುದಿಲ್ಲ, ಪರದೆ ಕಪ್ಪಾಗುವುದಿಲ್ಲ, ಒಂದು ಹಳದಿ ದೀಪ ಹತ್ತುತ್ತದೆ ಅಷ್ಟೆ. ಇನ್ನೊಂದು ಕಡೆಯೂ ತುಂಡಾಯಿತೋ, ಕಥೆ ಮುಗಿಯಿತು.

ಈ ಕೇಬಲ್ ಎಳೆಯುವಾಗ ನಮ್ಮಣ್ಣ ಗುಂಡಿಯ ಪಕ್ಕ ಸೊಂಟಕ್ಕೆ ಕೈಯಿಟ್ಟು ನಿಂತು ನಕ್ಕಿದ್ದ. ಫಿಲ್ಟರ್ ಹೌಸ್ ದಾಟಿದರೆ ಗೇಟು, ಅದಕ್ಕೆ ಗುಡ್ಡ ಯಾಕೆ ಹತ್ತಿಸುತ್ತೀರಿ, ಇದೊಳ್ಳೆ ಕೊಂಕಣ ಸುತ್ತಿ ಮೈಲಾರಕ್ಕೆ ಹೋದ ಹಾಗಾಯಿತಲ್ಲ ಅಂದಿದ್ದ. ಆ ಮಾತು ಅಂಟಿಕೊಂಡುಬಿಟ್ಟಿತು. ಫಿಲ್ಟರ್ ಹೌಸಿನ ಮೇಲೆ ಗೇಟಿಗೆ ಹೋಗುವ ಕೇಬಲ್ಲಿಗೆ ‘ನೇರ’ ಅಂತ, ಗುಡ್ಡ ಹತ್ತಿ ಇಳಿದು ಹೋಗುವುದಕ್ಕೆ ‘ಕೊಂಕಣ’ ಅಂತ ಹೆಸರಾಯಿತು. ಕೊಂಕಣ ಕಂಡವರು ನಮ್ಮಲ್ಲಿ ಒಬ್ಬರೂ ಇಲ್ಲ. ಆದರೂ ಸಾಹೇಬರಿಂದ ಹಿಡಿದು ಚಹಾ ತಂದುಕೊಡುವವನವರೆಗೆ ಎಲ್ಲರ ಬಾಯಲ್ಲೂ ಅದೇ.

ನನ್ನ ಕೆಲಸ ಈ ರಿಂಗನ್ನು ನೋಡಿಕೊಳ್ಳುವುದು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಅಂತ ಅಮ್ಮ ಹೇಳುತ್ತಿದ್ದಳು. ಕೂತಲ್ಲಿ ಕೂರುವುದು, ನಿಂತಲ್ಲಿ ನಿಲ್ಲುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಕೋಪ ಮಾತ್ರ ಯಾವಾಗಲೂ ಮೂಗಿನ ತುದಿಯಲ್ಲೇ ಕೂತಿರುತ್ತದೆ.

ಕೊಡೆ ಕಿತ್ತೆಸೆದು ನೋಡಿದೆ. ಕಂಟ್ರೋಲ್ ರೂಮಿಗೂ ಫಿಲ್ಟರ್ ಹೌಸಿಗೂ ನಡುವೆ ನೇರ ಸತ್ತಿತ್ತು. ಹಿಂದಿನ ದಿನ ಫಿಲ್ಟರ್ ಹೌಸಿನ ಗೋಡೆಯ ಪಕ್ಕ ಪೈಪಿಗಾಗಿ ಯಂತ್ರದಿಂದ ಅಗೆದಿದ್ದರು. ಬೇರೆ ಸಾಕ್ಷಿ ಬೇಕಿರಲಿಲ್ಲ. ಪರದೆಯ ಮುಂದೆ ಕೂತಿದ್ದವಳು ನಮ್ಮತ್ತಿಗೆ, ಅಣ್ಣನ ಹೆಂಡತಿ. ಕಂಟ್ರೋಲ್ ರೂಮಿನ ಆಪರೇಟರು. ಅವಳ ಪರದೆಯಲ್ಲಿ ಎಲ್ಲವೂ ಹಸಿರಾಗಿತ್ತು. ಗೇಟು ಮುಚ್ಚಿದೆ ಅಂತ ತೋರಿಸುತ್ತಿತ್ತು. ಆ ಗೇಟಿನ ಈಚೆ, ಒಣಗಿಸಿದ ಕಾಲುವೆಯ ತಳದಲ್ಲಿ ಅಣ್ಣ ತನ್ನ ಗ್ಯಾಂಗು ಕಟ್ಟಿಕೊಂಡು ಹೂಳು ತೆಗೆಯುತ್ತಿದ್ದ.

ಅವನು ಆ ಹೊತ್ತಿನಲ್ಲಿ ಅಲ್ಲಿರಬಾರದಿತ್ತು. ಯಾಕೆಂದರೆ ಆ ಗೇಟಿಗೆ ಒಂದು ಕೆಟ್ಟ ಬುದ್ಧಿ ಕಲಿಸಿದ್ದಾರೆ. ಹಿಂದೊಮ್ಮೆ ಗೇಟು ಮುಚ್ಚಿದ್ದಾಗ ಕೇಬಲ್ ಹೋಗಿ, ತೆರೆಯುವವರಿಲ್ಲದೆ ಊರೆಲ್ಲ ನಲ್ಲಿ ಒಣಗಿ, ಸಾಹೇಬರು ಎಲ್ಲರ ಕೈಲೂ ಉಗಿಸಿಕೊಂಡಿದ್ದರು. ಅಂದಿನಿಂದ ಕಂಟ್ರೋಲ್ ರೂಮಿನ ಸುದ್ದಿ ಬರುವುದು ನಿಂತರೆ, ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಕಾದು, ಗೇಟು ತನ್ನಷ್ಟಕ್ಕೆ ತಾನೇ ತೆರೆದುಕೊಳ್ಳುತ್ತದೆ. ಒಳಗೆ ಮನುಷ್ಯರು ಇಳಿಯುವಾಗ ಅದು ಅಲ್ಲಾಡದ ಹಾಗೆ ಹೊಡೆಯಲು ಒಂದು ಕಬ್ಬಿಣದ ಬೆಣೆ ಇದೆ, ಸರಪಳಿ ಕಟ್ಟಿ ಇಟ್ಟಿದ್ದಾರೆ. ತುಕ್ಕು ಹಿಡಿದು ಊದಿಕೊಂಡ ಅದನ್ನು ತೂತಿಗೆ ಹೊಡೆದು ಮತ್ತೆ ಕೀಳುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ ಅಂತ ಅಣ್ಣ ಅದನ್ನು ಮುಟ್ಟುವುದೇ ಇಲ್ಲ. ಕೇಳಿದರೆ ನಗುತ್ತಾನೆ. “ಗೇಟು ನನ್ನ ಹೆಂಡ್ತಿ ಕೈಲಿದೆ ಕಣೆ. ಮನೇಲೂ ಅಷ್ಟೇ, ಇಲ್ಲೂ ಅಷ್ಟೇ. ಬೆಣೆ ಯಾಕೆ?”

ಸಾಹೇಬರ ಹತ್ತಿರ ಹೋದೆ. ಕಾಲುವೆಯಲ್ಲಿರುವವರನ್ನು ಮೇಲೆ ಕರೆಸಿ, ರಿಂಗು ಒಂದು ಕಡೆ ತುಂಡಾಗಿದೆ ಅಂದೆ. ಸಾಹೇಬರು ಕೆಟ್ಟವರಲ್ಲ. ಸಂಜೆಯೊಳಗೆ ಮೇಲಿನಿಂದ ಹೊಳೆಗೆ ನೀರು ಬಿಡುತ್ತಾರೆ, ಅಷ್ಟರಲ್ಲಿ ಹೂಳು ತೆಗೆಯದಿದ್ದರೆ ಮುಂದೆ ಪಂಪೇ ಕಟ್ಟಿಕೊಳ್ಳುತ್ತದೆ ಅನ್ನುವ ಚಿಂತೆ ಅವರದ್ದು. ಪರದೆಯತ್ತ ಕೈತೋರಿಸಿ, “ಎಲ್ಲ ನಡೀತಿದೆಯಲ್ಲಮ್ಮ” ಅಂದರು.

“ನಡೀತಿದೆ ಸಾರ್,” ಅಂದೆ, “ಒಂಟಿ ಕಾಲಲ್ಲಿ.”

ನೀನಿಲ್ಲಿ ವಾದ ಮಾಡುವ ಹೊತ್ತಿಗೆ ಅದನ್ನು ಬೆಸೆದೇ ಬಂದಿರುತ್ತೀಯ, ಹೋಗು ಅಂದರು. ಅದೂ ಸುಳ್ಳಲ್ಲ. ಬೆಸುಗೆ ಯಂತ್ರದ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಹೊರಟೆ. ದಾರಿಯುದ್ದಕ್ಕೂ ಎರಡೆರಡು ಸಲ ಹಿಂದೆ ತಿರುಗಿ ಗುಡ್ಡ ನೋಡಿದೆ. ಅಲ್ಲಿ ಏನು ಕಾಣುತ್ತದೆ, ಮಣ್ಣು! ಕೇಬಲ್ ನೆಲದೊಳಗಿತ್ತು.

ಫಿಲ್ಟರ್ ಹೌಸನ್ನು ನೋಡಿಕೊಳ್ಳುವವನಿಗೆ ನಮ್ಮಲ್ಲಿ ಎಕ್ಸ್‌ಪ್ರೆಸ್ ಅಂತ ಹೆಸರು. ಆಮೆಯ ಜೊತೆ ಹೊರಟರೂ ಆಮೆ ಅವನಿಗಾಗಿ ಕಾಯಬೇಕು, ಅದಕ್ಕೇ ಆ ಬಿರುದು. ಅವನು ತೋರಿಸಿದ ಗುಂಡಿಯಲ್ಲಿ ಕೇಬಲ್ ಹಲ್ಲಿಗೆ ಸಿಕ್ಕ ಕಬ್ಬಿನ ಹಾಗೆ ಜಜ್ಜಿಹೋಗಿತ್ತು. ಪುಣ್ಯಕ್ಕೆ ಪಕ್ಕದ ಹೊಂಡದಲ್ಲಿ ನಾನೇ ಸುತ್ತಿಟ್ಟ ಒಂದಿಷ್ಟು ಹೆಚ್ಚುವರಿ ಉದ್ದ ಇತ್ತು. ಕೆಟ್ಟದ್ದನ್ನು ಕತ್ತರಿಸಿ ಎಳೆದು ಸೇರಿಸಿದರೆ ಸಾಕು.

ಬೆಸೆಯುವ ಮೊದಲು ಒಂದು ಶಾಸ್ತ್ರ ಇದೆ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣನ್ನು ತಿನ್ನುತ್ತದೆ. ಹಾಗಾಗಿ ಸತ್ತ ಕೇಬಲ್ಲಿನ ತುದಿಯ ಪ್ಲಗ್ಗು ತೆಗೆದು ಮುಚ್ಚಳ ಹಾಕಿಸಿ ಆಮೇಲೆ ಕೈ ಹಾಕಬೇಕು. ಕಂಟ್ರೋಲ್ ರೂಮಿನ ತುದಿಯನ್ನು ಬರುವಾಗಲೇ ತೆಗೆದು ಬಂದಿದ್ದೆ, ಫಿಲ್ಟರ್ ಹೌಸಿನದ್ದು ಉಳಿದಿತ್ತು. ಪ್ಲಗ್ಗು ತೆಗೆಯುವ ಮಾತು ಆಪರೇಟರಿಂದಲೇ ಬರಬೇಕು ಅನ್ನುವುದು ನಿಯಮ, ಅತ್ತಿಗೆಗೆ ಫೋನು ಮಾಡಿ, ನೇರದ ಪ್ಲಗ್ಗು ತೆಗೆಯಲು ಹೇಳಿ ಅಂದೆ. ಅವಳು ಎಲ್ಲರೂ ಇರುವ ಗುಂಪಿಗೆ ಮೆಸೇಜು ಹಾಕಿದಳು: ನೇರದ ಪ್ಲಗ್ ತೆಗೆದು ಮುಚ್ಚಳ ಹಾಕಿ, ಕೊಂಕಣದ್ದು ಮುಟ್ಟಬೇಡಿ. ಎಕ್ಸ್‌ಪ್ರೆಸ್ ಒಳಗೆ ಹೋಗಿ, ತೆಗೆದು, ಮುಚ್ಚಳ ಹಾಕಿ ಬಂದ. ನಾನು ಗುಂಡಿಯ ಪಕ್ಕ ಗೋಣಿಚೀಲ ಹಾಸಿ ಕೂತು ಕೇಬಲ್ಲಿನ ಸಿಪ್ಪೆ ಬಿಡಿಸತೊಡಗಿದೆ.

ಫೋನು ಸದ್ದು ಮಾಡಿತು. ಗುಡ್ಡದ ದೊಡ್ಡಪ್ಪನ ಮೆಸೇಜು. ದೊಡ್ಡಪ್ಪ ಅಂದರೆ ನನಗೊಬ್ಬಳಿಗಲ್ಲ, ಟ್ಯಾಂಕು ಕಾಯುವ ಆ ಹಿರಿಯರು ಊರಿಗೇ ದೊಡ್ಡಪ್ಪ. ‘ಆಯ್ತು. ನೇರದ್ದು ತೆಗೆಯಲು ಮೇಲೆ ಹೊರಟೆ.’

ಇವರು ಯಾಕೆ ಹೊರಟರು, ಪಾಪ, ಇವರಿಗೆ ಸಂಬಂಧವೇ ಇಲ್ಲ ಅಂದುಕೊಂಡೆ. ಮರುಕ್ಷಣ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟೆ. ಗುಡ್ಡದ ಮೇಲೆ ನಿಂತವರಿಗೆ ನೇರ ಯಾವುದು? ಅಲ್ಲಿಂದ ಸೀದಾ ಕೆಳಗಿಳಿದು ಕಂಟ್ರೋಲ್ ರೂಮಿಗೆ ಬರುವುದು. ಗೇಟು, ಫಿಲ್ಟರ್ ಹೌಸು ಸುತ್ತಿಕೊಂಡು ಬರುವುದೇ ಅವರ ಕೊಂಕಣ. ನಮಗೆ ಕೊಂಕಣವಾದದ್ದು ಅವರಿಗೆ ನೇರ. ಉಳಿದಿದ್ದ ಒಂದೇ ಒಂದು ಜೀವಂತ ಕೇಬಲ್ಲನ್ನು ಕೀಳಲು ದೊಡ್ಡಪ್ಪ ಮೆಟ್ಟಿಲು ಹತ್ತುತ್ತಿದ್ದರು.

ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಅವರು ಫೋನನ್ನು ಕೆಳಗಿನ ಕೋಣೆಯಲ್ಲಿ ಚಾರ್ಜಿಗೆ ಹಾಕಿಯೇ ಮೇಲೆ ಹೋಗುವುದು. ಅಣ್ಣನಿಗೆ ಮಾಡಿದೆ. ಅವನ ಫೋನು ಅಂಗಿಯ ಜೇಬಿನಲ್ಲಿ, ಅಂಗಿ ದಂಡೆಯ ಮೇಲಿನ ಮೊಳೆಯಲ್ಲಿ. ಅಷ್ಟರಲ್ಲಿ ಅತ್ತಿಗೆಯ ಫೋನೇ ಬಂತು.

“ಪರದೆ ಬೂದಿ ಬಣ್ಣ ಆಯ್ತು ಕಣೆ,” ಅಂದಳು. “ಗೇಟು, ಟ್ಯಾಂಕು, ಫಿಲ್ಟರು, ಒಂದೂ ಕಾಣ್ತಿಲ್ಲ.”

ಎದ್ದು ನಿಂತೆ. ಕಾಲು ಆಗಲೇ ಗೇಟಿನ ಕಡೆ ತಿರುಗಿತ್ತು. ಓಡಬೇಕು, ಕೂಗಬೇಕು, ಅಣ್ಣನ ಜುಟ್ಟು ಹಿಡಿದು ಮೇಲೆ ಎಳೆಯಬೇಕು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತದೆ ಅನ್ನುತ್ತಾರಲ್ಲ, ಹಾಗೆ ಕಾಲು ಒಂದು ಕಡೆ, ಬುದ್ಧಿ ಒಂದು ಕಡೆ. ಓಡಿದರೆ ಗೇಟು ತೆರೆದ ಮೇಲೇ ತಲುಪುತ್ತೇನೆ ಅಂತ ಬುದ್ಧಿಗೆ ಗೊತ್ತಿತ್ತು. ಬೆಸೆದರೂ ಹೊತ್ತಿಗೆ ಮುಗಿಯುತ್ತದೆ ಅನ್ನುವ ಧೈರ್ಯ ಇರಲಿಲ್ಲ. ಎಕ್ಸ್‌ಪ್ರೆಸ್ಸಿಗೆ ಮೊಪೆಡ್ ತೆಗಿ, ಗೇಟಿಗೆ ಹೋಗು, ಎಲ್ಲರನ್ನೂ ಹತ್ತಿಸು ಅಂತ ಕಿರುಚಿದೆ. ಅವನು ಒಂದೂ ಪ್ರಶ್ನೆ ಕೇಳದೆ ಹೋದ. ಮೊಪೆಡ್ ಎರಡು ಸಲ ಕೆಮ್ಮಿ ಸುಮ್ಮನಾದದ್ದು ಕೇಳಿಸಿತು. ಆಮೇಲೆ ಚಪ್ಪಲಿಯ ಸದ್ದು ಕೇಳಿಸಿತು. ಎಕ್ಸ್‌ಪ್ರೆಸ್ ಓಡುತ್ತಿದ್ದ. ಹುಟ್ಟಿದ ಮೇಲೆ ಅದೇ ಮೊದಲಿರಬೇಕು.

ನಾನೂ ಅವನ ಹಿಂದೆ ನಾಲ್ಕು ಹೆಜ್ಜೆ ಹಾಕಿಬಿಟ್ಟಿದ್ದೆ. ಫೋನು ಇನ್ನೂ ಕಿವಿಯಲ್ಲಿತ್ತು.

“ಓಡ್ತಾ ಇದ್ದೀಯಾ?” ಅಂದಳು ಅತ್ತಿಗೆ.

ನನ್ನ ಚಪ್ಪಲಿಯ ಸದ್ದು ಅವಳಿಗೆ ಕೇಳಿಸಿರಬೇಕು.

“ಓಡ್ಬೇಡ. ಒಳಗಿರೋನು ನನ್ನ ಗಂಡ, ನಾನು ಹೇಳ್ತಿದ್ದೀನಿ. ಕೂತ್ಕೊ. ನಿನ್ನ ಕೆಲಸ ಮಾಡು.”

ಅವಳ ದನಿ ನಡುಗುತ್ತಿರಲಿಲ್ಲ. ಅದು ನನ್ನನ್ನು ಹಿಡಿದು ಕೂರಿಸಿತು. ನಾನು ವಾಪಸು ಬಂದು ಗೋಣಿಚೀಲದ ಮೇಲೆ ಕೂತೆ. ಫೋನನ್ನು ಸ್ಪೀಕರಿಗೆ ಹಾಕಿ ಕಲ್ಲಿನ ಮೇಲಿಟ್ಟೆ.

ಎರಡು ಎಳೆ, ಒಂದು ಸುದ್ದಿ ಹೋಗುವುದಕ್ಕೆ, ಒಂದು ಬರುವುದಕ್ಕೆ. ಎಳೆಯ ಮೇಲಿನ ಬಣ್ಣ ಕೆರೆಯಬೇಕು, ಸ್ಪಿರಿಟ್ಟಿನಲ್ಲಿ ಒರೆಸಬೇಕು, ತುದಿಯನ್ನು ಓರೆಯಾಗದ ಹಾಗೆ ತುಂಡರಿಸಬೇಕು, ಎರಡು ತುದಿಯನ್ನೂ ಯಂತ್ರದ ಬಾಯಿಗೆ ಎದುರುಬದುರು ಇಡಬೇಕು. ಮುಚ್ಚಳ ಹಾಕಿದರೆ ಒಂದು ಕಿಡಿ, ಗಾಜು ಗಾಜಿಗೆ ಕೂಡಿಕೊಳ್ಳುತ್ತದೆ. ಇದನ್ನು ಮಾಡುವಾಗ ಉಸಿರನ್ನೂ ಮೆಲ್ಲಗೆ ಬಿಡಬೇಕು. ನನ್ನ ಮೊಣಕಾಲು ಮಾತ್ರ ತಾನಾಗಿ ಕುಣಿಯುತ್ತಿತ್ತು. ಒಂದು ಇಟ್ಟಿಗೆ ಎತ್ತಿ ಅದರ ಮೇಲೆ ಹೇರಿಕೊಂಡೆ. ಕಲ್ಲಿನ ಮೇಲಿನ ಫೋನಿನಿಂದ ಮಾತು ಬರುತ್ತಿರಲಿಲ್ಲ, ಟಕ್ ಟಕ್ ಟಕ್ ಅಂತ ಏನೋ ಸದ್ದು ಬರುತ್ತಿತ್ತು. ಲೈನು ಕೆಟ್ಟಿರಬೇಕು ಅಂದುಕೊಂಡೆ.

ಮೊದಲನೆಯ ಎಳೆ ಕೂಡಿತು. ಎರಡನೆಯದನ್ನು ಇಟ್ಟು ಮುಚ್ಚಳ ಹಾಕಿದೆ, ಕಿಡಿ ಬಂತು, ಯಂತ್ರದ ಪುಟ್ಟ ಪರದೆಯಲ್ಲಿ ಎಳೆಯ ನಡುವೆ ಗುಳ್ಳೆ ಕಾಣಿಸಿತು. ಧೂಳು. ಆಗೋದಿಲ್ಲ ಅಂದಿತು ಯಂತ್ರ. ಅಳು ಬಂತು, ಕೋಪವೂ ಬಂತು, ದೊಡ್ಡಪ್ಪನಿಗೆ, ಸಾಹೇಬರಿಗೆ, ಆ ಹಾಳು ಗಾದೆ ಕಟ್ಟಿದವನಿಗೆ ಎಲ್ಲರಿಗೂ ಬಾಯ್ತುಂಬ ಬೈದೆ. ಬೈಯುತ್ತಲೇ ಎಳೆ ಕತ್ತರಿಸಿ ಮತ್ತೆ ಕೆರೆದು, ಒರೆಸಿ, ತುಂಡರಿಸಿ ಇಟ್ಟೆ. ಆಗ ಹೊಳೆಯ ಕಡೆಯಿಂದ ಕಬ್ಬಿಣ ನರಳುವ ಸದ್ದು ಬಂತು. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಗೇಟು ಏಳುತ್ತಿತ್ತು.

ಮುಚ್ಚಳ ಹಾಕಿದೆ. ಕಿಡಿ. ಈ ಸಲ ಎಳೆ ಸಾಫಾಗಿ ಕೂಡಿತು. ಇಟ್ಟಿಗೆ ಎತ್ತಿ ಬಿಸಾಡಿ ಫಿಲ್ಟರ್ ಹೌಸಿನ ಒಳಗೆ ಓಡಿದೆ, ಮುಚ್ಚಳ ಕಿತ್ತು ಪ್ಲಗ್ಗು ಚುಚ್ಚಿದೆ. ಬರುವಾಗ ನಾನೇ ತೆಗೆದಿಟ್ಟ ಕಂಟ್ರೋಲ್ ರೂಮಿನ ತುದಿ ಆಗ ನೆನಪಾಯಿತು. ಕಲ್ಲಿನ ಮೇಲಿನ ಫೋನಿಗೆ ಕೇಳುವ ಹಾಗೆ ಕಿಟಕಿಯಿಂದ ಕೂಗಿದೆ, ಅತ್ತಿಗೆ, ಕಪಾಟಿನ ಹಳದಿ ಪ್ಲಗ್ಗು ಚುಚ್ಚಿ! ಕುರ್ಚಿ ಬಿದ್ದ ಸದ್ದು ಬಂತು. ನನ್ನ ಎದುರಿನ ಪೆಟ್ಟಿಗೆಯಲ್ಲಿ ಹಸಿರು ಚುಕ್ಕಿ ಹತ್ತಿತು. ಮತ್ತೆ ಟಕ್ ಟಕ್ ಟಕ್.

“ಇಳೀತಿದೆ,” ಅಂದಳು ಅತ್ತಿಗೆ. “ಗೇಟು ಇಳೀತಿದೆ.”

ಆಮೇಲೆ ನನ್ನ ಕಾಲನ್ನು ಯಾರೂ ತಡೆಯಲಿಲ್ಲ. ಗೇಟಿಗೆ ಹೋದಾಗ ಗ್ಯಾಂಗಿನವರು ದಂಡೆಯ ಮೇಲೆ ಅಲ್ಲೊಬ್ಬ ಇಲ್ಲೊಬ್ಬ ಕೂತಿದ್ದರು. ಎಕ್ಸ್‌ಪ್ರೆಸ್ ನೆಲದ ಮೇಲೆ ಅಂಗಾತ ಬಿದ್ದು ಏದುಸಿರು ಬಿಡುತ್ತಿದ್ದ, ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಅವನು ಬಂದು ಕೂಗಿದ ಹೊತ್ತಿಗೆ ಗೇಟಿನಡಿಯಿಂದ ನೀರು ನುಗ್ಗಲು ಶುರುವಾಗಿತ್ತಂತೆ. ಅಣ್ಣ ಒಬ್ಬೊಬ್ಬರನ್ನೇ ಏಣಿಗೆ ತಳ್ಳಿ ಕೊನೆಗೆ ತಾನು ಉಳಿದಿದ್ದ. ಎದೆಮಟ್ಟ ನೀರು, ಹೂಳಿನಲ್ಲಿ ಕಾಲು ಕಿತ್ತುಬರುತ್ತಿಲ್ಲ, ಒಂದು ಕೈ ಮಾತ್ರ ಏಣಿಯ ಮೇಲೆ. ಇನ್ನೇನು ಬೆರಳು ಜಾರಬೇಕು ಅನ್ನುವಾಗ ನೀರಿನ ಸೆಳೆತ ತಗ್ಗಿತು ಅಂತ ಅವನೇ ಹೇಳಿದ.

ನಾನು ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟೆ. ಮೇಲೆ ಇನ್ನೊಂದು ಕೊಟ್ಟೆ. ಅವನು ಹಲ್ಲು ಕಡಕಡ ಅನ್ನಿಸುತ್ತ ನಗಲು ನೋಡಿದ, ಆಗಲಿಲ್ಲ.

ಜೀಪು ಹತ್ತಿ ಗುಡ್ಡಕ್ಕೆ ಹೋದೆ, ದೊಡ್ಡಪ್ಪನಿಗೆ ಎರಡು ಮಾತು ಆಡಲೇಬೇಕು ಅಂತ ಹಲ್ಲು ಕಚ್ಚಿಕೊಂಡು. ಅವರು ಮೇಲಿನ ಕೋಣೆಯಲ್ಲಿ ಪ್ಲಗ್ಗಿಗೆ ಮುಚ್ಚಳ ಹಾಕಿ, ಅದರ ಮೇಲೆ ಧೂಳು ಬೀಳದಿರಲಿ ಅಂತ ತಮ್ಮ ಕರವಸ್ತ್ರ ಹೊದಿಸಿ, ಪಕ್ಕದಲ್ಲೇ ಕಾವಲು ಕೂತಿದ್ದರು.

“ನೇರದ್ದು ತೆಗ್ದಿದೀನಿ ಮಗಳೇ,” ಅಂದರು. “ಕೊಂಕಣದ್ದು ಮುಟ್ಟಿಲ್ಲ.”

ಅವರ ಹಿಂದೆ ಕಿಟಕಿ ಇತ್ತು. ಕಿಟಕಿಯಲ್ಲಿ ಕಂಟ್ರೋಲ್ ರೂಮು ಕೆಳಗೆ ಎದುರಿಗೇ ಕಾಣುತ್ತಿತ್ತು, ಕಲ್ಲೆಸೆದರೆ ಮಾಡಿಗೆ ಬೀಳುವ ಹಾಗೆ. ಇದಕ್ಕಿಂತ ನೇರ ಇನ್ನೇನಿರಬೇಕು? ಕರವಸ್ತ್ರ ಮಡಿಸಿ ಕೊಟ್ಟು ಪ್ಲಗ್ಗು ಹಾಕಿದೆ. ಏನಾಯಿತು ಅಂತ ಅಲ್ಲೇ ಪಕ್ಕದಲ್ಲಿ ಕೂತು ಹೇಳಿದೆ. ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ನಿಮ್ಮ ತಪ್ಪಲ್ಲ, ಈ ಹೆಸರುಗಳನ್ನು ಇವತ್ತೇ ಹೂಳುತ್ತೇನೆ, ಊರಿನ ಹೆಸರಿಲ್ಲದೆ ಒಂದು ಎರಡು ಅಂತ ಬರೆದು ಅಂಟಿಸುತ್ತೇನೆ ಅಂದೆ. ಅವರಿಗೆ ಕೇಳಿಸಿತೋ ಇಲ್ಲವೋ.

ಕೆಳಗಿಳಿದು ಗೇಟಿಗೆ ಬರುವ ಹೊತ್ತಿಗೆ ಕಾಲುವೆಯ ನೀರನ್ನು ಪಂಪಿನಿಂದ ಹೊರಗೆ ಹಾಕಿ ಆಗಿತ್ತು. ಬಿಸಿಲು ಇಳಿಯುತ್ತಿತ್ತು. ಅರ್ಧ ಹೂಳು ಹಾಗೇ ಉಳಿದಿತ್ತು. ಅಣ್ಣ ಒಣ ಅಂಗಿ ಹಾಕಿಕೊಂಡು ಏಣಿಗೆ ಕಾಲಿಟ್ಟು ನಿಂತಿದ್ದ. ನನ್ನನ್ನು ನೋಡಿದವನೇ, ರಿಂಗು ಸರಿಯಾಯಿತಂತಲ್ಲ, ದೀಪ ಹಸಿರಾಯಿತಂತಲ್ಲ ಅಂದ. ನಾನು ಬಾಯಿ ತೆರೆಯುವುದರೊಳಗೆ ಅವನದು ಶುರುವಾಗಿತ್ತು, ಇನ್ನೇನು ಭಯ, ಅಲ್ಲಿ ನನ್ನ ಹೆಂಡತಿ ಕೂತಿದ್ದಾಳಲ್ಲ.

ಹೆಂಡತಿ ಅಲ್ಲಿ ಕೂತಿರಲಿಲ್ಲ. ಕುರ್ಚಿಯನ್ನು ಇನ್ನೊಬ್ಬರಿಗೆ ಬಿಟ್ಟು ದಂಡೆಯ ಮೇಲೆ ನಡೆದು ಬರುತ್ತಿದ್ದಳು. ಬಂದವಳು ಗಂಡನ ಮುಖ ನೋಡಲಿಲ್ಲ. ಬಲಗೈ ಮುಂದೆ ಚಾಚಿದಳು. ತೋರುಬೆರಳಿನ ತುದಿ ಕೆಂಪಾಗಿ ಊದಿತ್ತು.

“ಬೂದಿ ಬಣ್ಣದ ಪರದೆ ಮೇಲೂ ಮುಚ್ಚು ಮುಚ್ಚು ಅಂತ ಒತ್ತುತ್ತಲೇ ಇದ್ದೆ,” ಅಂದಳು. “ಒಂದೂ ಹೋಗ್ತಿರ್ಲಿಲ್ಲ. ಗೊತ್ತಿತ್ತು. ಆದ್ರೂ ಒತ್ತಿದೆ.”

ಟಕ್ ಟಕ್ ಅನ್ನುವ ಆ ಸದ್ದು ಲೈನಿನದ್ದಲ್ಲ ಅಂತ ನನಗೆ ಆಗ ತಿಳಿಯಿತು. ಅಣ್ಣ ಅವಳ ಬೆರಳು ಹಿಡಿದುಕೊಳ್ಳಲು ಹೋದ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

“ಇನ್ಮೇಲೆ ನನ್ನ ನಂಬ್ಕೊಂಡು ಇಳೀಬೇಡಿ,” ಅಂದಳು. “ಬೆಣೆ ಹೊಡೀರಿ.”

ಅಣ್ಣ ಏಣಿಯಿಂದ ಕಾಲು ತೆಗೆದ. ಸರಪಳಿಯಲ್ಲಿ ನೇತಾಡುತ್ತಿದ್ದ ತುಕ್ಕು ಹಿಡಿದ ಬೆಣೆಯನ್ನು ಎತ್ತಿ ಗೇಟಿನ ತೂತಿಗೆ ಇಟ್ಟು, ಸುತ್ತಿಗೆ ತೆಗೆದುಕೊಂಡ. ಅವನು ಹೊಡೆಯುತ್ತಿದ್ದಷ್ಟು ಹೊತ್ತೂ ಅತ್ತಿಗೆ ಅಲ್ಲಾಡದೆ ಅಲ್ಲೇ ನಿಂತು ನೋಡಿದಳು, ನಾನೂ ನಿಂತೇ ಇದ್ದೆ.